ಏಥರ್ ಷೇರು: ಒಂದು ಸ್ಕೂಟರಿಗೆ ಎಷ್ಟು ನಷ್ಟ?

ನನ್ನ ಏಥರ್ ಎಲೆಕ್ಟ್ರಿಕ್ ಸ್ಕೂಟರ್ ಚೆನ್ನಾಗಿದೆ. ಮೂರು ವರ್ಷದಿಂದ ಓಡಿಸುತ್ತಿದ್ದೇನೆ, ಬನಶಂಕರಿಯಿಂದ ಆಫೀಸಿಗೆ ದಿನಾ ಹೋಗಿ ಬರುತ್ತೇನೆ, ಹೇಳಿಕೊಳ್ಳುವಂಥ ತೊಂದರೆ ಏನೂ ಕೊಟ್ಟಿಲ್ಲ. ಇಲ್ಲಿ ಬರೆಯುತ್ತಿರುವುದು ಮಾತ್ರ ಅದನ್ನು ಮಾಡುವ ಕಂಪನಿಯ ಷೇರಿನ ಬಗ್ಗೆ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಗಾಡಿ ಚಾರ್ಜಿಗೆ ಹಾಕುವಾಗ ಸಿಕ್ಕವರೆಲ್ಲ ಇದನ್ನೇ ಕೇಳುತ್ತಾರೆ, "ಗಾಡಿ ಇಷ್ಟು ಚೆನ್ನಾಗಿದೆಯಲ್ಲ, ಷೇರು ತಗೊಳ್ಳಬಹುದಾ?" ಪ್ರತಿ ಸಲ ನಿಂತು ಹೇಳೋಕೆ ಆಗಲ್ಲ. ಅದಕ್ಕೆ ಒಂದೇ ಸಲ ಪೂರ್ತಿ ಬರೆದುಬಿಡುತ್ತೇನೆ. ಬರೆಯುವಾಗ ನನ್ನ ಮುಂದಿರುವುದು ಸೆಪ್ಟೆಂಬರ್ 2025ರವರೆಗಿನ ಲೆಕ್ಕ, ನವೆಂಬರ್ 2025ರ ಷೇರು ಬೆಲೆ. ಕೆಳಗೆ "ಈಗ" ಅಂದಲ್ಲೆಲ್ಲ ಆ ಹೊತ್ತು ಅಂತ ಓದಿಕೊಳ್ಳಿ.

ಮೊದಲು ಒಂದು ಹಳೇ ಕಥೆ. 2018ರಲ್ಲಿ ಒಂದು ಸಣ್ಣ ವಾಹನ ಬಿಡಿಭಾಗ ಕಂಪನಿಯ ಷೇರು ತಗೊಂಡಿದ್ದೆ. ಹೆಸರು ಬೇಡ. 112 ರೂಪಾಯಿಗೆ ತಗೊಂಡದ್ದು. ಪ್ರತಿ ಮೂರು ತಿಂಗಳಿಗೂ ಮಾರಾಟ ಏರುತ್ತಿತ್ತು, ನಷ್ಟ ಮಾತ್ರ "ಈ ಸಲಕ್ಕೆ ಮಾತ್ರ" ಅಂತ ಪ್ರತಿ ಸಲವೂ ಬರುತ್ತಿತ್ತು. ನಾನು ಮಾರಾಟದ ಸಾಲು ಮಾತ್ರ ನೋಡುತ್ತಿದ್ದೆ. ಗಿರಾಕಿಗಳಿಂದ ಬರಬೇಕಾದ ಬಾಕಿ ಅದಕ್ಕಿಂತ ಜೋರಾಗಿ ಬೆಳೆಯುತ್ತಿತ್ತು, ಮಾಲೀಕರು ತಮ್ಮ ಷೇರುಗಳನ್ನು ಅಡ ಇಟ್ಟಿದ್ದರು, ವರ್ಷದ ಮಧ್ಯದಲ್ಲಿ ಆಡಿಟರ್ ಬಿಟ್ಟು ಹೋದರು. ಈ ಮೂರು ವಿಷಯವೂ ಷೇರು ಎಕ್ಸ್‌ಚೇಂಜಿನ ವೆಬ್‌ಸೈಟಿನಲ್ಲೇ ಇತ್ತು, ಯಾರೂ ಮುಚ್ಚಿಟ್ಟಿರಲಿಲ್ಲ. 2020ರಲ್ಲಿ 19 ರೂಪಾಯಿಗೆ ಮಾರಿ ಕೈ ತೊಳೆದುಕೊಂಡೆ. ಹೋದ ದುಡ್ಡು ಅಮ್ಮನ ಕಣ್ಣಿನ ಆಪರೇಷನ್ನಿಗೆ ಅಂತ ಎತ್ತಿಟ್ಟದ್ದು. ಆಪರೇಷನ್ ಆಯಿತು, ಸಾಲ ಮಾಡಿ.

ಆಮೇಲೆ ಮೈಸೂರಿಗೆ ಹೋದಾಗ ಚಿಕ್ಕಪ್ಪನಿಗೆ ಇದನ್ನು ಹೇಳಿದೆ. ಅವರು ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲ ಮಂಜೂರು ಮಾಡಿ ರಿಟೈರ್ ಆದವರು. ಬೈಯಲಿಲ್ಲ. "ನೋಡು ಮಗಳೇ, ನಷ್ಟದಲ್ಲಿರುವ ಮನೆಗೆ ಹೋದರೆ ಟೀವಿ ಎಷ್ಟು ದೊಡ್ಡದು ಅಂತ ನೋಡಬಾರದು. ಅಡುಗೆಮನೆಗೆ ಹೋಗಿ ಡಬ್ಬಿಯಲ್ಲಿ ಅಕ್ಕಿ ಎಷ್ಟು ದಿನಕ್ಕಿದೆ ನೋಡಬೇಕು" ಅಂದರು. ಆಮೇಲೆ ಹಳೇ ಎಲ್‌ಐಸಿ ಡೈರಿ ಒಂದನ್ನು ಕೊಟ್ಟು, ಯಾವ ಕಂಪನಿ ಆದರೂ ಮೊದಲು ಇದರಲ್ಲಿ ಕೈಯಲ್ಲಿ ಬರೆದು ನೋಡು ಅಂದರು. ಏಥರ್ ಐಪಿಒ ಬಂದಾಗ, ಅಂದರೆ ಕಂಪನಿ ಮೊದಲ ಸಲ ಜನರಿಗೆ ಷೇರು ಮಾರಲು ಬಂದಾಗ, ಅದೇ ಡೈರಿ ತೆಗೆದೆ.

ಕಂಪನಿ ಬಗ್ಗೆ ಬೆಂಗಳೂರಿನವರಿಗೆ ಜಾಸ್ತಿ ಹೇಳಬೇಕಿಲ್ಲ. ಐಐಟಿ ಮದ್ರಾಸಿನಲ್ಲಿ ಓದಿದ ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್ 2013ರಲ್ಲಿ ಶುರು ಮಾಡಿದ್ದು. 2018ರಲ್ಲಿ ಮೊದಲ ಸ್ಕೂಟರ್ ಬೆಂಗಳೂರಿನಲ್ಲೇ ರಸ್ತೆಗೆ ಇಳಿಯಿತು. ಮುಖ್ಯ ಕಚೇರಿ ಇಲ್ಲೇ, ಕಾರ್ಖಾನೆ ಹೊಸೂರಿನಲ್ಲಿ. ಹೀರೋ ಮೋಟೋಕಾರ್ಪ್ 2016ರಿಂದ ದುಡ್ಡು ಹಾಕುತ್ತಾ ಬಂದಿದೆ, ಐಪಿಒಗೆ ಮುಂಚೆ ಅತಿ ದೊಡ್ಡ ಪಾಲು ಅದರದ್ದೇ.

ಐಪಿಒ ಬಂದದ್ದು 2025ರ ಏಪ್ರಿಲ್ 28ರಿಂದ 30ರವರೆಗೆ. ಷೇರಿಗೆ 304ರಿಂದ 321 ರೂಪಾಯಿ. ಒಂದು ಲಾಟ್‌ಗೆ 46 ಷೇರು, ಅಂದರೆ 14,766 ರೂಪಾಯಿ. 321ರ ಲೆಕ್ಕದಲ್ಲಿ ಇಡೀ ಕಂಪನಿಯ ಬೆಲೆ ಸುಮಾರು 12 ಸಾವಿರ ಕೋಟಿ. ಕೇಳಿದರೆ ದೊಡ್ಡದು ಅನ್ನಿಸುತ್ತೆ, ಆದರೆ ನಮ್ಮ ಮಾರುಕಟ್ಟೆಯಲ್ಲಿ ಬೆಲೆಯ ಲೆಕ್ಕದಲ್ಲಿ ಮೊದಲ 250 ಕಂಪನಿಗಳ ನಂತರ ಬರುವುದೆಲ್ಲ ಸ್ಮಾಲ್ ಕ್ಯಾಪ್, ಅಂದರೆ ಸಣ್ಣ ಕಂಪನಿ, ಆ ಬೆಲೆಗೆ ಇದೂ ಅಲ್ಲೇ. ಮೊದಲು 3,100 ಕೋಟಿಯ ಹೊಸ ಷೇರು ಮಾರುತ್ತೇವೆ ಅಂದಿದ್ದರು, ಕೊನೆಗೆ 2,626 ಕೋಟಿಗೆ ಇಳಿಸಿದರು. ಅರ್ಜಿ ಬಂದದ್ದು ಒಂದೂವರೆ ಪಟ್ಟಿಗಿಂತ ಕಡಿಮೆ. ಮೇ 6ರಂದು 328ಕ್ಕೆ ಶುರುವಾಗಿ ಅದೇ ದಿನ 321ಕ್ಕಿಂತ ಕೆಳಗೆ ಮುಗಿಯಿತು.

ಐಪಿಒದಲ್ಲಿ ಬಹಳ ಜನ ಗಮನಿಸದ ಒಂದು ವಿಷಯ ಇದೆ. ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿಯ ನಿಯಮದ ಪ್ರಕಾರ, ಹಿಂದಿನ ಮೂರು ವರ್ಷ ಸರಾಸರಿ 15 ಕೋಟಿ ಕಾರ್ಯಾಚರಣೆ ಲಾಭ ತೋರಿಸಲಾಗದ ಕಂಪನಿ ಐಪಿಒ ತರಬೇಕಾದರೆ ಕನಿಷ್ಠ 75 ಪರ್ಸೆಂಟ್ ಷೇರು ದೊಡ್ಡ ಸಂಸ್ಥೆಗಳಿಗೇ ಹೋಗಬೇಕು. ನಮ್ಮಂಥ ಚಿಲ್ಲರೆ ಹೂಡಿಕೆದಾರರಿಗೆ 10 ಪರ್ಸೆಂಟಿಗಿಂತ ಜಾಸ್ತಿ ಇಲ್ಲ. ಈ ಕಂಪನಿಯ ಲೆಕ್ಕ ಓದಲು ತಾಳ್ಮೆ, ಸಮಯ, ಜನ ಎಲ್ಲ ಇರುವವರು ಮೊದಲು ತಗೊಳ್ಳಲಿ ಅನ್ನುವ ನಿಯಮ ಅದು. ಮುಂದೆ ಯಾವುದೇ ಐಪಿಒದಲ್ಲಿ ರೀಟೇಲ್ ಪಾಲು 10 ಪರ್ಸೆಂಟ್ ಅಂತ ಕಂಡರೆ ಅಲ್ಲೇ ನಿಂತು ಓದಿ.

ಈಗ ಡೈರಿಗೆ ಬರುತ್ತೇನೆ.

2022–23ರಲ್ಲಿ ಏಥರ್ ಮಾರಿದ್ದು ಸುಮಾರು 92 ಸಾವಿರ ಸ್ಕೂಟರ್. ವರಮಾನ 1,781 ಕೋಟಿ, ನಷ್ಟ 865 ಕೋಟಿ. ಮುಂದಿನ ವರ್ಷ 1 ಲಕ್ಷ 9 ಸಾವಿರ ಚಿಲ್ಲರೆ ಸ್ಕೂಟರ್, ವರಮಾನ 1,754 ಕೋಟಿ, ನಷ್ಟ 1,060 ಕೋಟಿ. 2024–25ರಲ್ಲಿ 1 ಲಕ್ಷ 55 ಸಾವಿರ ಸ್ಕೂಟರ್, ವರಮಾನ 2,255 ಕೋಟಿ, ನಷ್ಟ 812 ಕೋಟಿ. ಇಷ್ಟನ್ನು ಎಲ್ಲಾ ಪೇಪರಿನಲ್ಲೂ ಬರೆದಿದ್ದರು, "ಸಾವಿರ ಕೋಟಿ ನಷ್ಟದ ಕಂಪನಿ" ಅಂತ ತಲೆಬರಹ ಹಾಕಿ. ಅಪ್ಪನೂ ಅದನ್ನೇ ಓದಿ "ಇದಕ್ಕೆಲ್ಲ ಹೋಗಬೇಡಮ್ಮ" ಅಂದರು.

ನಾನು ಮಾಡಿದ್ದು ಒಂದೇ ಕೆಲಸ. ನಷ್ಟವನ್ನು ಸ್ಕೂಟರ್ ಸಂಖ್ಯೆಯಿಂದ ಭಾಗಿಸಿದೆ. 2022–23ರಲ್ಲಿ ಒಂದೊಂದು ಸ್ಕೂಟರಿಗೆ ಸುಮಾರು 94 ಸಾವಿರ ನಷ್ಟ. ಮರುವರ್ಷ 97 ಸಾವಿರ. ಆಮೇಲಿನ ವರ್ಷ 52 ಸಾವಿರ. ಐಪಿಒ ಆದಮೇಲೆ ಬಂದ ಎರಡು ತ್ರೈಮಾಸಿಕ ಲೆಕ್ಕವನ್ನೂ ಕೆಳಗೆ ಬರೆದೆ. ಏಪ್ರಿಲ್‌ನಿಂದ ಜೂನ್ 2025ರಲ್ಲಿ 46 ಸಾವಿರ ಸ್ಕೂಟರ್, 178 ಕೋಟಿ ನಷ್ಟ, ಅಂದರೆ ಸ್ಕೂಟರಿಗೆ 39 ಸಾವಿರದ ಹತ್ತಿರ. ಜುಲೈಯಿಂದ ಸೆಪ್ಟೆಂಬರ್‌ನಲ್ಲಿ 65 ಸಾವಿರದ ಮೇಲೆ ಸ್ಕೂಟರ್, 154 ಕೋಟಿ ನಷ್ಟ, ಸ್ಕೂಟರಿಗೆ 23,500 ರೂಪಾಯಿ.

94, 97, 52, 39, 23. ಇಷ್ಟೇ. ನೋಟ್‌ಬುಕ್ಕಿನ ಒಂದು ಸಾಲು. ಇದನ್ನು ಬರೆದ ರಾತ್ರಿ ನಾನು ಬಹಳ ಹೊತ್ತು ಆ ಸಾಲನ್ನೇ ನೋಡುತ್ತಾ ಕೂತಿದ್ದೆ, ಯಾಕೆಂದರೆ 2018ರಲ್ಲಿ ನಾನು ತಗೊಂಡಿದ್ದ ಆ ಕಂಪನಿಗೆ ಇದೇ ರೀತಿ ಒಂದು ಸಾಲು ಬರೆದಿದ್ದರೆ ಅದು ಉಲ್ಟಾ ಹೋಗುತ್ತಿತ್ತು ಅಂತ ಗೊತ್ತಾಯಿತು.

ಹೋಲಿಸಿ ನೋಡೋಣ ಅಂತ ಓಲಾ ಎಲೆಕ್ಟ್ರಿಕ್ ಲೆಕ್ಕವನ್ನೂ ಪಕ್ಕದಲ್ಲಿ ಬರೆದೆ. ಅದೂ ಬೆಂಗಳೂರಿನದೇ, ಒಂಬತ್ತು ತಿಂಗಳು ಮುಂಚೆ ಷೇರು ಮಾರುಕಟ್ಟೆಗೆ ಬಂದದ್ದು. 2023–24ರಲ್ಲಿ ಸುಮಾರು 3 ಲಕ್ಷ 30 ಸಾವಿರ ಸ್ಕೂಟರ್, 1,584 ಕೋಟಿ ನಷ್ಟ, ಸ್ಕೂಟರಿಗೆ 48 ಸಾವಿರ. ಮರುವರ್ಷ 3 ಲಕ್ಷ 59 ಸಾವಿರ ಸ್ಕೂಟರ್, 2,276 ಕೋಟಿ ನಷ್ಟ, ಸ್ಕೂಟರಿಗೆ 63 ಸಾವಿರ. ಆ ಹೊತ್ತಿಗೆ ಓಲಾ ಮಾರಾಟ ಏಥರ್‌ನ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. 2023–24ರಲ್ಲಿ ಸ್ಕೂಟರಿಗೆ ಆಗುವ ನಷ್ಟವೂ ಏಥರ್‌ಗಿಂತ ಅರ್ಧ ಇತ್ತು. ಆದರೆ ಒಂದೇ ವರ್ಷದಲ್ಲಿ ಓಲಾದ್ದು ಏರಿತು, ಏಥರ್‌ದು ಇಳಿಯಿತು, ಎರಡೂ ದಾರಿಯಲ್ಲಿ ಅಡ್ಡ ಹಾಯ್ದವು. ಓಲಾ ಷೇರು ಆಗಸ್ಟ್ 2024ರಲ್ಲಿ 76 ರೂಪಾಯಿಗೆ ಬಂದು ಅದೇ ತಿಂಗಳು 157ರವರೆಗೆ ಹೋಯಿತು, 2025ರಲ್ಲಿ 50ಕ್ಕಿಂತ ಕೆಳಗೂ ಇಳಿಯಿತು. ಯಾರು ಜಾಸ್ತಿ ಮಾರುತ್ತಾರೆ ಅನ್ನುವುದನ್ನು ಮಾತ್ರ ನೋಡಿದ್ದರೆ ಆಯ್ಕೆ ಉಲ್ಟಾ ಆಗುತ್ತಿತ್ತು.

ಮೇಲಿನ ಅಂಕಿಯಲ್ಲಿ ಒಂದು ವಿಚಿತ್ರ ನಿಮಗೂ ಕಂಡಿರಬೇಕು. 2023–24ರಲ್ಲಿ ಏಥರ್ 17 ಸಾವಿರ ಸ್ಕೂಟರ್ ಜಾಸ್ತಿ ಮಾರಿ ವರಮಾನ ಕಡಿಮೆ ಮಾಡಿಕೊಂಡಿತು. ಹೇಗೆ? ಇದಕ್ಕೆ ಉತ್ತರ ದೆಹಲಿಯಲ್ಲಿದೆ, ಸಬ್ಸಿಡಿಯಲ್ಲಿ. ಎಲೆಕ್ಟ್ರಿಕ್ ಗಾಡಿಗೆ ಸಬ್ಸಿಡಿ ಕೊಡುವ ಫೇಮ್ ಯೋಜನೆಯ ಎರಡನೇ ಹಂತದಲ್ಲಿ ಕೇಂದ್ರ ಸರ್ಕಾರ ಬ್ಯಾಟರಿಯ ಒಂದು ಕಿಲೋವಾಟ್ ಅವರ್‌ಗೆ (ಬ್ಯಾಟರಿ ಎಷ್ಟು ಕರೆಂಟ್ ಹಿಡಿಯುತ್ತೆ ಅನ್ನುವ ಅಳತೆ) 15 ಸಾವಿರ ರೂಪಾಯಿ ಕೊಡುತ್ತಿತ್ತು. 3 ಕಿಲೋವಾಟ್ ಅವರ್ ಬ್ಯಾಟರಿ ಅಂದರೆ 45 ಸಾವಿರ. 2023ರ ಜೂನ್ 1ರಿಂದ ಅದನ್ನು 10 ಸಾವಿರಕ್ಕೆ ಇಳಿಸಿದರು, ಅದೂ ಕಾರ್ಖಾನೆ ಬೆಲೆಯ 15 ಪರ್ಸೆಂಟ್ ದಾಟುವಂತಿಲ್ಲ ಅಂತ ಮಾಡಿದರು, ಹಿಂದೆ ಅದೇ ಮಿತಿ 40 ಪರ್ಸೆಂಟ್ ಇತ್ತು. 2024ರ ಏಪ್ರಿಲ್‌ನಿಂದ ಒಂದು ಸ್ಕೂಟರಿಗೆ ಹೆಚ್ಚೆಂದರೆ 10 ಸಾವಿರ. 2025ರ ಏಪ್ರಿಲ್‌ನಿಂದ ಹೆಚ್ಚೆಂದರೆ 5 ಸಾವಿರ.

45 ಸಾವಿರದಿಂದ 5 ಸಾವಿರಕ್ಕೆ. ಎರಡೇ ವರ್ಷದಲ್ಲಿ. ಯಾವುದೇ ವ್ಯಾಪಾರ ತಗೊಳ್ಳಿ, ಒಂದು ಲಕ್ಷ ಚಿಲ್ಲರೆ ಬೆಲೆಯ ವಸ್ತುವಿನ ಮೇಲೆ ಬರುತ್ತಿದ್ದ 40 ಸಾವಿರ ನಿಂತುಹೋದರೆ ಅಂಗಡಿ ಮುಚ್ಚಬೇಕು. ಏಥರ್‌ಗೆ ಒಂದು ಸ್ಕೂಟರಿನಿಂದ ಬರುವ ಒಟ್ಟು ವರಮಾನ 2022–23ರಲ್ಲಿ ಸುಮಾರು 1.93 ಲಕ್ಷ ಇದ್ದದ್ದು ಸೆಪ್ಟೆಂಬರ್ 2025ರ ಹೊತ್ತಿಗೆ 1.37 ಲಕ್ಷಕ್ಕೆ ಬಂದಿದೆ. ಆದರೂ ನಷ್ಟ 94 ಸಾವಿರದಿಂದ 23 ಸಾವಿರಕ್ಕೆ ಇಳಿದಿದೆ. ಹಾಗಾದರೆ ಒಂದು ಸ್ಕೂಟರ್ ಮಾಡಿ ಮಾರಲು ತಗಲುವ ಎಲ್ಲಾ ಖರ್ಚು, ಆಫೀಸು, ಸಂಬಳ, ಜಾಹೀರಾತು, ಸಂಶೋಧನೆ ಎಲ್ಲಾ ಹಂಚಿ ಹಾಕಿದರೆ, 2.87 ಲಕ್ಷದಿಂದ 1.6 ಲಕ್ಷಕ್ಕೆ ಬಂದಿದೆ. ಈ ಕಂಪನಿಯ ಬಗ್ಗೆ ನನಗೆ ಗೌರವ ಬಂದದ್ದು ಇಲ್ಲಿ. ಬ್ಯಾಟರಿ ಸೆಲ್ ಬೆಲೆ ಜಗತ್ತಿನಲ್ಲೆಲ್ಲ ಇಳಿದದ್ದು ಸಹಾಯ ಮಾಡಿದೆ, ನಿಜ. ಅದೊಂದೇ ಆಗಿದ್ದರೆ ಎಲ್ಲರ ನಷ್ಟವೂ ಇಳಿಯಬೇಕಿತ್ತು ಅಲ್ವಾ?

ಸಬ್ಸಿಡಿಯ ವಿಷಯದಲ್ಲೇ ಇನ್ನೊಂದು. ಸರ್ಕಾರದಿಂದ ಬರಬೇಕಾದದ್ದು ಲೆಕ್ಕದಲ್ಲಿ ವರಮಾನ ಅಂತ ಇವತ್ತೇ ಕೂತಿರುತ್ತೆ, ದುಡ್ಡು ಖಾತೆಗೆ ಬರುವುದು ತಿಂಗಳುಗಟ್ಟಲೆ ಆದಮೇಲೆ. ಹಾಗಾಗಿ ಬ್ಯಾಲೆನ್ಸ್ ಶೀಟಿನಲ್ಲಿ, ಅಂದರೆ ಕಂಪನಿಯ ಆಸ್ತಿ ಸಾಲದ ಪಟ್ಟಿಯಲ್ಲಿ, "ಸರ್ಕಾರದಿಂದ ಬರಬೇಕಾದದ್ದು" ಅನ್ನುವ ಸಾಲು ಊದಿಕೊಂಡಿದೆಯಾ ಅಂತ ನೋಡಬೇಕು. ಎಲೆಕ್ಟ್ರಿಕ್ ಗಾಡಿ ಮಾಡುವ ಯಾವ ಕಂಪನಿ ಆದರೂ ಇದು ಮುಖ್ಯ.

ಇನ್ನು ಅಕ್ಕಿ ಡಬ್ಬಿ.

ಐಪಿಒದಿಂದ ಕಂಪನಿಗೆ ಬಂದದ್ದು 2,626 ಕೋಟಿ. ಐಪಿಒಗೆ ಮುಂಚೆ ಕಂಪನಿ ಕೊಡುವ ವಿವರದ ಪುಸ್ತಕ, ಪ್ರಾಸ್ಪೆಕ್ಟಸ್‌ನಲ್ಲಿ, ಅದನ್ನು ಯಾವುದಕ್ಕೆ ಅಂತ ಬರೆದಿದ್ದಾರೆ. ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದ ಹತ್ತಿರ ಹೊಸ ಕಾರ್ಖಾನೆಗೆ 927 ಕೋಟಿ. ಸಂಶೋಧನೆಗೆ 750 ಕೋಟಿ. ಮಾರ್ಕೆಟಿಂಗ್‌ಗೆ 300 ಕೋಟಿ. ಸಾಲ ತೀರಿಸಲು 40 ಕೋಟಿ. ಉಳಿದದ್ದು ಇತರೆ. ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಸಂಶೋಧನೆ, ಮಾರ್ಕೆಟಿಂಗ್ ಬಹುಪಾಲು ಪ್ರತಿ ವರ್ಷದ ನಷ್ಟದ ಒಳಗೇ ಸೇರಿರುವ ಖರ್ಚು. ಅಂದರೆ ಆ ದುಡ್ಡು ನಷ್ಟ ತುಂಬಲಿಕ್ಕೇ ಹೋಗುತ್ತೆ. ಕಾರ್ಖಾನೆಯದು ಹಾಗಲ್ಲ, ಅದು ನಷ್ಟದ ಹೊರಗಿನ ಖರ್ಚು. ಹಾಗಾಗಿ 2,626ರಲ್ಲಿ 927, 40 ಕಳೆದೆ. ಉಳಿದದ್ದು 1,659 ಕೋಟಿ. ಅದನ್ನು ವರ್ಷಕ್ಕೆ 812 ಕೋಟಿ ನಷ್ಟದಿಂದ ಭಾಗಿಸಿದರೆ ಎರಡು ವರ್ಷ. ಸೆಪ್ಟೆಂಬರ್ ತ್ರೈಮಾಸಿಕದ ನಷ್ಟವನ್ನೇ ನಾಲ್ಕರಿಂದ ಗುಣಿಸಿ, ವರ್ಷಕ್ಕೆ 616 ಕೋಟಿ ಅಂತ ಹಿಡಿದರೆ ಎರಡೂ ಮುಕ್ಕಾಲು ವರ್ಷ. ಕಂಪನಿಯ ಹತ್ತಿರ ಮೊದಲೇ ಇದ್ದ ದುಡ್ಡು ಬೇರೆ.

ಎರಡರಿಂದ ಎರಡೂ ಮುಕ್ಕಾಲು ವರ್ಷದ ಅಕ್ಕಿ ಇದೆ ಅಂತಾಯಿತು. ನಷ್ಟದ ಕಂಪನಿಗೆ ಇದು ಚೆನ್ನಾಗಿರುವ ಸ್ಥಿತಿ. ಚಿಕ್ಕಪ್ಪನ ಅಳತೆ ಒಂದು ವರ್ಷ. ಅದಕ್ಕಿಂತ ಕಡಿಮೆ ಇದ್ದರೆ ಕಂಪನಿ ಮತ್ತೆ ಷೇರು ಮಾರಲು ಹೋಗುತ್ತೆ, ಅವಸರದಲ್ಲಿ ಮಾರುವವನಿಗೆ ಒಳ್ಳೆ ಬೆಲೆ ಸಿಗಲ್ಲ, ನಮ್ಮ ಪಾಲು ತೆಳ್ಳಗಾಗುತ್ತೆ. ಅಮೆರಿಕದ ನಿಕೋಲಾ ಕಥೆ ಹಾಗೇ ಆಯಿತು. ಎಲೆಕ್ಟ್ರಿಕ್ ಟ್ರಕ್ ಮಾಡುವ ಕಂಪನಿ. ಮತ್ತೆ ಮತ್ತೆ ಷೇರು ಮಾರಿ ದುಡ್ಡು ಎತ್ತಿದರು, ಬೆಲೆ ನೆಲ ಕಚ್ಚಿದಾಗ 2024ರ ಜೂನ್‌ನಲ್ಲಿ 30 ಷೇರು ಸೇರಿಸಿ ಒಂದು ಮಾಡಿದರು, 2025ರ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಹಾಕಿದರು. ಅಲ್ಲಿನ ಬೇರೆ ಎಲೆಕ್ಟ್ರಿಕ್ ಗಾಡಿ ಕಂಪನಿಗಳೂ ಅದೇ ದಾರಿ ಹಿಡಿದವು, ಫಿಸ್ಕರ್ 2024ರ ಜೂನ್‌ನಲ್ಲಿ, ಕನೂ 2025ರ ಜನವರಿಯಲ್ಲಿ. ಎಲ್ಲರ ಹತ್ತಿರವೂ ನೋಡಲು ಚೆಂದದ ಗಾಡಿ ಇತ್ತು. ಡಬ್ಬಿ ಖಾಲಿ ಆಯಿತು, ಅಷ್ಟೇ.

ಈ ಅಕ್ಕಿ ಲೆಕ್ಕ ಮಾಡಲು ಹೊರಟವರಿಗೆ ಒಂದು ಮಾತು ಗೊತ್ತಿರಲಿ. ನಮ್ಮಲ್ಲಿ ಕಂಪನಿಗಳು ಲಾಭ ನಷ್ಟವನ್ನು ಮೂರು ತಿಂಗಳಿಗೊಮ್ಮೆ ಕೊಟ್ಟರೂ ಬ್ಯಾಲೆನ್ಸ್ ಶೀಟು ಮತ್ತು ನಗದು ಹರಿವಿನ ಲೆಕ್ಕ ಕಡ್ಡಾಯವಾಗಿ ಕೊಡಬೇಕಾದ್ದು ವರ್ಷಕ್ಕೆ ಎರಡೇ ಸಲ, ಸೆಪ್ಟೆಂಬರ್ ಮತ್ತು ಮಾರ್ಚ್ ಮುಗಿದ ಮೇಲೆ. ಜೂನ್, ಡಿಸೆಂಬರ್ ಫಲಿತಾಂಶ ನೋಡಿ ಕುಣಿಯುವವರು ಅರ್ಧ ಕಣ್ಣು ಮುಚ್ಚಿಕೊಂಡು ನೋಡುತ್ತಿರುತ್ತಾರೆ. ನಾನು ಈಗ ಆ ಎರಡು ಫಲಿತಾಂಶಕ್ಕೆ ಮಾತ್ರ ಪೂರ್ತಿ ಭಾನುವಾರ ಕೊಡುತ್ತೇನೆ. ಎಕ್ಸ್‌ಚೇಂಜ್ ವೆಬ್‌ಸೈಟಿನಿಂದ ಪಿಡಿಎಫ್ ಇಳಿಸಿ, ಕಾರ್ಯಾಚರಣೆಯಿಂದ ಬಂದ ನಗದು ಅನ್ನುವ ಸಾಲು ನೋಡುವುದು. ಅದು ನಷ್ಟಕ್ಕಿಂತ ತುಂಬಾ ಚೆನ್ನಾಗಿ ಕಂಡರೂ ಖುಷಿ ಪಡಬೇಡಿ, ಕೆಳಗೆ ಸಪ್ಲೈಯರ್‌ಗಳಿಗೆ ಕೊಡಬೇಕಾದ ಬಾಕಿ ಎಷ್ಟು ಏರಿದೆ ನೋಡಿ. ಬಿಲ್ ಕಟ್ಟದೆ ಇಟ್ಟರೆ ಯಾರ ಜೇಬಿನಲ್ಲೂ ದುಡ್ಡು ಇರುತ್ತೆ.

ಲಾಭಕ್ಕೆ ಯಾವಾಗ ಬರಬಹುದು ಅಂತಲೂ ಪೆನ್ಸಿಲ್ಲಿನಲ್ಲಿ ಒಂದು ಅಂದಾಜು ಹಾಕಿದೆ. ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ವರಮಾನ 899 ಕೋಟಿ, ಕಂಪನಿ ಹೇಳುವ ಗ್ರಾಸ್ ಮಾರ್ಜಿನ್, ಅಂದರೆ ಮಾಲಿನ ಖರ್ಚು ಕಳೆದು ಉಳಿಯುವ ಪಾಲು, 22 ಪರ್ಸೆಂಟ್. ಅದು ಎರಡು ವರ್ಷದ ಹಿಂದೆ 9 ಇತ್ತು. ಮಾಲಿನ ಖರ್ಚು ಕಳೆದು ಉಳಿದದ್ದು ಸುಮಾರು 198 ಕೋಟಿ, ನಷ್ಟ 154 ಕೋಟಿ. ಹಾಗಾದರೆ ಮಾಲಿನ ಮೇಲಿನ ಖರ್ಚೆಲ್ಲ ಸೇರಿ 352 ಕೋಟಿ. ಒಂದು ಸ್ಕೂಟರಿಗೆ ಮಾಲಿನ ಖರ್ಚು ಕಳೆದು 30 ಸಾವಿರ ಉಳಿಯುತ್ತೆ. 352 ಕೋಟಿ ತುಂಬಬೇಕಾದರೆ ಮೂರು ತಿಂಗಳಿಗೆ ಸುಮಾರು 1 ಲಕ್ಷ 17 ಸಾವಿರ ಸ್ಕೂಟರ್ ಮಾರಬೇಕು. ಈಗ ಮಾರುತ್ತಿರುವುದು 65 ಸಾವಿರ. ಮಾರ್ಜಿನ್ ಇನ್ನೂ ಏರಿದರೆ ಅಷ್ಟು ಬೇಕಾಗಲ್ಲ, ಖರ್ಚು ಏರಿದರೆ ಇನ್ನೂ ಜಾಸ್ತಿ ಬೇಕು. ಒರಟು ಅಂದಾಜು ಇದು, ಆದರೆ ದೂರ ಎಷ್ಟಿದೆ ಅಂತ ಗೊತ್ತಾಗುತ್ತೆ.

ಈ ಲೆಕ್ಕ ಹಾಕುವವರೆಗೂ ಹೊಸ ಕಾರ್ಖಾನೆ ನನಗೆ ಅರ್ಥವೇ ಆಗಿರಲಿಲ್ಲ. ಹೊಸೂರಿನಲ್ಲೇ ವರ್ಷಕ್ಕೆ 4 ಲಕ್ಷ 20 ಸಾವಿರ ಸ್ಕೂಟರ್ ಮಾಡುವ ಜಾಗ ಇದೆ, ಮಾರಿದ್ದು ಒಂದೂವರೆ ಲಕ್ಷ, ಇನ್ನೊಂದು ಯಾಕೆ, ದುಡ್ಡು ಸುಮ್ನೆ ಸಿಮೆಂಟಿಗೆ ಹಾಕುತ್ತಿದ್ದಾರೆ ಅಂತ ಸಿಟ್ಟು ಬಂದಿತ್ತು. ಮೂರು ತಿಂಗಳಿಗೆ 1 ಲಕ್ಷ 17 ಸಾವಿರ ಅಂದರೆ ವರ್ಷಕ್ಕೆ 4 ಲಕ್ಷ 68 ಸಾವಿರ. ಹೊಸೂರು ಸಾಲದು. ಉತ್ತರ ಮತ್ತು ಪಶ್ಚಿಮ ಭಾರತಕ್ಕೆ ಇಲ್ಲಿಂದ ಗಾಡಿ ಸಾಗಿಸುವ ಖರ್ಚೂ ಉಳಿಯುತ್ತೆ. ಆದರೂ ನನ್ನ ಮನಸ್ಸಿಗೆ ಹೊಸೂರು ಮುಕ್ಕಾಲು ತುಂಬಿದ ಮೇಲೆ ಆ 927 ಕೋಟಿ ಖರ್ಚಾದರೆ ಒಳ್ಳೆಯದು. ಅವಸರ ಮಾಡಿದರೆ ಅಕ್ಕಿ ಬೇಗ ಮುಗಿಯುತ್ತೆ.

ಮಾರಾಟ ಅಷ್ಟು ಏರುತ್ತಾ? ಇದನ್ನು ಕಾಗದದಲ್ಲಿ ನೋಡಿ ಹೇಳೋಕೆ ಆಗಲ್ಲ ಅನ್ನಿಸಿ, ಮೈಸೂರಿನಲ್ಲಿದ್ದಾಗ ಒಂದು ಭಾನುವಾರ ಚಿಕ್ಕಮ್ಮನನ್ನೂ ಕರೆದುಕೊಂಡು ಶೋರೂಮಿಗೆ ಹೋದೆ. ಎರಡು ಗಂಟೆ ಕೂತಿದ್ದೆ. ಬಂದವರಲ್ಲಿ ಹುಡುಗರು ಕಡಿಮೆ, ಸಂಸಾರಗಳೇ ಜಾಸ್ತಿ. ಎಲ್ಲರೂ ಹೋಗಿ ನಿಂತದ್ದು ರಿಜ್ತಾ ಮುಂದೆ, 2024ರ ಏಪ್ರಿಲ್‌ನಲ್ಲಿ ಬಂದ ಅಗಲ ಸೀಟಿನ ಗಾಡಿ. ಒಬ್ಬರು ಅಜ್ಜಿ ಸೀಟನ್ನು ಅಂಗೈಯಲ್ಲಿ ಒತ್ತಿ ಒತ್ತಿ ನೋಡಿದರು, ಆಮೇಲೆ ಸೀರೆ ಸರಿಮಾಡಿಕೊಂಡು ಒಂದು ಕಡೆಗೆ ಕಾಲು ಹಾಕಿ ಹಿಂದೆ ಕೂತರು, ಮಗನಿಗೆ "ಇದಾಗುತ್ತೆ ಕಣೋ" ಅಂದರು. ಸೊಸೆ ಸೀಟು ಎತ್ತಿಸಿ, ತನ್ನ ಕೈಲಿದ್ದ ದೇವರಾಜ ಮಾರ್ಕೆಟ್ಟಿನ ತರಕಾರಿ ಚೀಲವನ್ನು ಒಳಗಿಟ್ಟು, ಮುಚ್ಚಳ ಹಾಕಿ ನೋಡಿದಳು. ಹಿಡಿಯಿತು. ಯಾರೂ ಎಷ್ಟು ವೇಗ ಹೋಗುತ್ತೆ ಅಂತ ಕೇಳಲಿಲ್ಲ. ಚಾರ್ಜಿಗೆ ಕರೆಂಟ್ ಬಿಲ್ ಎಷ್ಟು ಬರುತ್ತೆ, ಬ್ಯಾಟರಿಗೆ ಎಷ್ಟು ವರ್ಷ ವಾರಂಟಿ, ಇವೇ ಪ್ರಶ್ನೆ. ಈಗ ಕಂಪನಿ ಮಾರುವ ಗಾಡಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈ ರಿಜ್ತಾ. ಮುಂಚೆ ವೇಗ ಇಷ್ಟಪಡುವ ಹುಡುಗರಿಗೆ ಮಾತ್ರ ಗಾಡಿ ಮಾಡುತ್ತಿದ್ದ ಕಂಪನಿ ಮನೆ ಗಾಡಿ ಮಾಡಿದ ಮೇಲೆ ಲೆಕ್ಕ ತಿರುಗಿತು. ಬೆಂಗಳೂರಿನಲ್ಲಿ ಕೂತು ನನಗೆ ಇದು ಗೊತ್ತಾಗಿರಲಿಲ್ಲ.

ಇನ್ನು ಮೆಚ್ಚಿದ್ದು, ಗಾಡಿ ಮಾರಿದ ಮೇಲೂ ಬರುವ ದುಡ್ಡು. ಸಾಫ್ಟ್‌ವೇರ್ ಪ್ಯಾಕ್, ಸರ್ವಿಸ್, ಬಿಡಿಭಾಗ, ಹೆಲ್ಮೆಟ್, ಚಾರ್ಜಿಂಗ್ ಇವೆಲ್ಲ ಸೇರಿ 2024–25ರಲ್ಲಿ ವರಮಾನದ ಸುಮಾರು 12 ಪರ್ಸೆಂಟ್. ಗಾಡಿಗಿಂತ ಇದರಲ್ಲಿ ಉಳಿಯುವುದು ಜಾಸ್ತಿ. ನಾನೂ ಪ್ರೋ ಪ್ಯಾಕಿಗೆ ದುಡ್ಡು ಕೊಟ್ಟವಳೇ.

ಚಿಂತೆಗಳೂ ಇವೆ, ಸಣ್ಣವಲ್ಲ. ಕೇಂದ್ರದ ಪಿಎಲ್‌ಐ ಯೋಜನೆಯಲ್ಲಿ ಟಿವಿಎಸ್, ಬಜಾಜ್, ಓಲಾ ಎಲ್ಲರೂ ಮಾರಾಟದ ಮೇಲೆ ಪ್ರೋತ್ಸಾಹಧನಕ್ಕೆ ಅರ್ಹರು. ಐಪಿಒ ಹೊತ್ತಿಗೆ ಏಥರ್‌ಗೆ ಅದು ಇರಲಿಲ್ಲ. ಅಂದರೆ ಒಂದೇ ರಸ್ತೆಯಲ್ಲಿ ಎದುರಾಳಿಗಳಿಗೆ ಹಿಂದಿನಿಂದ ಗಾಳಿ, ಇವರಿಗೆ ಇಲ್ಲ. ಟಿವಿಎಸ್, ಬಜಾಜ್ ಎರಡಕ್ಕೂ ಪೆಟ್ರೋಲ್ ಗಾಡಿಯ ಲಾಭ ಇದೆ, ಬೇಕೆಂದರೆ ತಮ್ಮ ಎಲೆಕ್ಟ್ರಿಕ್ ಸ್ಕೂಟರ್‌ಗಳಾದ ಐಕ್ಯೂಬ್, ಚೇತಕ್ ಬೆಲೆಯನ್ನು ಇನ್ನೂ ಎರಡು ವರ್ಷ ಇಳಿಸಿ ಕೂರಬಲ್ಲರು. ಏಥರ್ ಅದನ್ನು ತಡೆದುಕೊಳ್ಳಬೇಕಾದ್ದು ಡಬ್ಬಿಯ ಅಕ್ಕಿಯಿಂದ. ಅತಿ ದೊಡ್ಡ ಪಾಲುದಾರ ಹೀರೋ ತಾನೇ ವಿಡಾ ಹೆಸರಲ್ಲಿ ಸ್ಕೂಟರ್ ಮಾರುತ್ತಿದೆ. ಮನೆಯೊಳಗೇ ಎದುರಾಳಿ. ಸೆಲ್ ಹೊರದೇಶದಿಂದ ಬರಬೇಕು. 2025ರ ಏಪ್ರಿಲ್‌ನಲ್ಲಿ ಚೀನಾ ಮೋಟಾರಿಗೆ ಬೇಕಾದ ಅಪರೂಪದ ಲೋಹದ ಅಯಸ್ಕಾಂತದ ರಫ್ತಿಗೆ ಕಟ್ಟುಪಾಡು ಹಾಕಿದಾಗ ಇಡೀ ಉದ್ಯಮ ನಡುಗಿತು.

ಎಲ್ಲಕ್ಕಿಂತ ದೊಡ್ಡ ಚಿಂತೆ ಬೆಲೆ. ನವೆಂಬರ್ 2025ರಲ್ಲಿ, ಹಳೇ ಹೂಡಿಕೆದಾರರು ಐಪಿಒ ಆಗಿ ಆರು ತಿಂಗಳು ಮಾರಬಾರದು ಅನ್ನುವ ಕಟ್ಟು ಬಿಚ್ಚಿದ ಕೂಡಲೇ, ಅಮೆರಿಕದ ಹೂಡಿಕೆ ಸಂಸ್ಥೆ ಟೈಗರ್ ಗ್ಲೋಬಲ್ ತನ್ನ ಪೂರ್ತಿ ಪಾಲನ್ನು ಸುಮಾರು 1,200 ಕೋಟಿಗೆ ಮಾರಿತು, ಷೇರಿಗೆ 620 ರೂಪಾಯಿ ಆಸುಪಾಸಿನಲ್ಲಿ. ಅವರು 2015ರಿಂದ ಇದ್ದವರು, ಲಾಭ ತಗೊಂಡು ಹೋದರು, ಅದರಲ್ಲಿ ತಪ್ಪಿಲ್ಲ. ಆದರೆ 321ರಲ್ಲಿ ಹೋಗಲು ಹಿಂಜರಿದ ಜನ 620ರಲ್ಲಿ ಮುಗಿಬಿದ್ದು ಕೇಳುತ್ತಿದ್ದಾರೆ, ಬೇಸ್‌ಮೆಂಟಿನಲ್ಲಿ ನನ್ನನ್ನು ಕೇಳುವವರೂ ಅವರೇ. ಇಡೀ ಕಂಪನಿಗೆ 12 ಸಾವಿರ ಕೋಟಿ ಕೊಡುವುದು ಬೇರೆ, 24 ಸಾವಿರ ಕೋಟಿ ಕೊಡುವುದು ಬೇರೆ. ಕಂಪನಿ ಒಳ್ಳೇ ದಾರಿಯಲ್ಲಿದೆ ಅನ್ನುವುದು ಈಗಿನ ಬೆಲೆಯಲ್ಲಿ ಆಗಲೇ ಸೇರಿಕೊಂಡಿದೆ. ಒಂದು ತ್ರೈಮಾಸಿಕ ಎಡವಿದರೂ ಬೆಲೆ ಜೋರಾಗಿ ಬೀಳುತ್ತೆ.

ನಾನು ಏನು ಮಾಡಿದೆ ಅಂತ ಹೇಳಿಬಿಡುತ್ತೇನೆ. ಐಪಿಒದಲ್ಲಿ ಒಂದು ಲಾಟ್ ಹಾಕಿದೆ, ಬಂತು, 46 ಷೇರು. ಮೊದಲ ವಾರ ಕೆಂಪಲ್ಲಿತ್ತು, ಮಾರಲಿಲ್ಲ. ಜೂನ್ ಫಲಿತಾಂಶ ಬಂದಮೇಲೆ ಇನ್ನೊಂದಿಷ್ಟು ಸೇರಿಸೋಣ ಅನ್ನಿಸಿತ್ತು, ನಗದು ಲೆಕ್ಕ ಇಲ್ಲದ ತ್ರೈಮಾಸಿಕ ಅಂತ ಬಿಟ್ಟೆ. ಈಗಿನ ಬೆಲೆಗೆ ಹೊಸದಾಗಿ ತಗೊಳ್ಳುವುದಿಲ್ಲ. ಇದ್ದದ್ದನ್ನು ಮಾರುವುದೂ ಇಲ್ಲ. ಅಂಕ ಕೊಡಿ ಅಂದರೆ ಕಂಪನಿಯ ಆರೋಗ್ಯಕ್ಕೆ ಐದಕ್ಕೆ ಮೂರೂವರೆ, ಈ ಬೆಲೆಗೆ ಷೇರಿಗೆ ಎರಡೂವರೆ, ಸ್ಕೂಟರಿಗೆ ನಾಲ್ಕೂವರೆ. ಮಗುವಿನ ಫೀಸಿಗೆ, ಮನೆ ಅಡ್ವಾನ್ಸಿಗೆ, ಅಮ್ಮನ ಆಸ್ಪತ್ರೆಗೆ ಅಂತ ಇಟ್ಟ ದುಡ್ಡನ್ನು ದಯವಿಟ್ಟು ಇಂಥ ಷೇರಿಗೆ ಹಾಕಬೇಡಿ, ಇದನ್ನು ನಾನು ಬೇಡಿಕೊಂಡೇ ಹೇಳುತ್ತೇನೆ. ಐದು ವರ್ಷ ಮರೆತುಬಿಡಬಹುದಾದ ದುಡ್ಡು ಇದ್ದರೆ, ಬೆಲೆ ಇಳಿದ ದಿನ, ಸ್ವಲ್ಪ.

ತಿಂಗಳಿಗೊಮ್ಮೆ ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ನೋಂದಣಿ ಎಷ್ಟಾಗಿದೆ ಅಂತ ಯಾರು ಬೇಕಾದರೂ ನೋಡಬಹುದು, ಪುಕ್ಕಟೆ. ತೆಲಂಗಾಣದ ಅಂಕಿ ಬಹಳ ಕಾಲ ಅದರಲ್ಲಿ ಸೇರುತ್ತಿರಲಿಲ್ಲ ಅನ್ನುವುದು ನೆನಪಿರಲಿ, ಇಲ್ಲದಿದ್ದರೆ ಕಂಪನಿ ಹೇಳುವ ಸಂಖ್ಯೆಗೂ ಅದಕ್ಕೂ ಯಾಕೆ ತಾಳೆ ಆಗಲ್ಲ ಅಂತ ಗೊತ್ತಾಗಲ್ಲ. ಮಾರ್ಚ್ ಲೆಕ್ಕ ಬಂದ ಭಾನುವಾರ ಮೈಸೂರಿಗೆ ಹೋಗುತ್ತೇನೆ. 94, 97, 52, 39, 23 ಅಂತ ಇರುವ ಆ ಸಾಲಿನ ಪಕ್ಕ ಚಿಕ್ಕಪ್ಪ ಈಗಲೇ ಪೆನ್ಸಿಲ್ಲಿನಲ್ಲಿ ಒಂದು ಖಾಲಿ ಚೌಕ ಹಾಕಿ ಇಟ್ಟಿದ್ದಾರೆ.